ಕೆನ್ನೇರಳೆ ಮಸಿ

ಬಲ್ಲಾರ್ಡ್ ಪಿಯರಿನ ಮೂರನೇ ಮಹಡಿಯಲ್ಲಿ
ಮೂವತ್ತೊಂದು ವರ್ಷ ಸಮುದ್ರ ತಿದ್ದಿದೆ.
ಕಾಗದದ ಸಮುದ್ರ.
ವಾರಕ್ಕೊಮ್ಮೆ ಲಂಡನ್ನಿನಿಂದ ಪಟ್ಟಿ:
ಇಲ್ಲಿ ದೀಪ ಆರಿದೆ, ಅಲ್ಲಿ ಹಡಗು ಮುಳುಗಿದೆ,
ಈ ಬಂಡೆ ಇದ್ದಲ್ಲಿ ಇಲ್ಲ.
ಸಪುರ ನಿಬ್ಬು, ಕೆನ್ನೇರಳೆ ಮಸಿ,
ಅಂಚಿನಲ್ಲಿ ತಾರೀಖು, ನನ್ನ ಹೆಸರಿನ ಒಂದಕ್ಷರ.
ಈಜು ಬಾರದವನನ್ನು ನಂಬಿ
ಎಷ್ಟು ಹಡಗು ದಡ ಸೇರಿದವೋ.

ಫೋರ್ಟಿನ ರಾತ್ರಿಶಾಲೆಯಲ್ಲಿ
ಎಂಜಲು ಪ್ಲೇಟು ತೊಳೆದ ಕೈಯಲ್ಲೇ
ಭೂಪಟ ಮುಟ್ಟಿ ಕಲಿತವನು ನಾನು.
ಆ ಪಟದಲ್ಲಿ ಟೊಕೆಲಾವು ಇರಲಿಲ್ಲ.
ಅದಿರಬೇಕಾದ ಅಂಚಿನಲ್ಲಿ
ಗೋಡೆಗೆ ಹೊಡೆದ ಮೊಳೆ.

ಹೆಸರು ಮೊದಲು ಕೇಳಿದ್ದು ಸಾರಂಗ ದೂಮಪ್ಪ ಮೆಂಡನರ ಬಾಯಲ್ಲಿ.
ನಕ್ಷೆಯ ಸುರುಳಿ ಹೊತ್ತು ಮಹಡಿ ಹತ್ತಿ ಬಂದವರು
ನನ್ನ ಮಸಿಬಾಟಲಿಗೆ ತಾಗಿಸಿ ಚಹಾ ಇಟ್ಟು ಅಂದರು:
"ಬಡಗಣ ಗಾಳಿ ಅಂತ ಅರ್ಥವಂತೆ.
ಮೂರು ಉಂಗುರ, ಹವಳದ್ದು. ಒಳಗೂ ನೀರು, ಹೊರಗೂ ನೀರು,
ಉಂಗುರದ ಮೇಲೆ ಮನೆ, ತೆಂಗು, ಇಗರ್ಜಿ, ಹಂದಿ.
ವಿಮಾನವಿಲ್ಲ, ಧಕ್ಕೆಯೂ ಇಲ್ಲ.
ಅಪಿಯಾದಿಂದ ಒಂದು ಹಗಲು, ಒಂದು ರಾತ್ರಿ, ಮೇಲಿಷ್ಟು.
ಹಡಗು ಹೊರಗೇ ತೇಲುತ್ತಿರಬೇಕು; ದೋಣಿ ಬಂದು
ಅಕ್ಕಿಮೂಟೆ, ಅಜ್ಜಿ, ಡೀಸೆಲ್ಲು ಒಟ್ಟಿಗೇ ಇಳಿಸಿಕೊಳ್ಳುತ್ತದೆ.
ಅಲ್ಲಿಯ ಅತಿ ಎತ್ತರದ ನೆಲ ಇದೆಯಲ್ಲ,
ಅದರ ಮೇಲೆ ನಿಂತರೆ
ನಿಮ್ಮ ಒಂದನೇ ಮಹಡಿಯ ಕಿಟಕಿಯಲ್ಲಿ ಇಣುಕಬಹುದು, ಅಷ್ಟೇ."

ಮತ್ತೆ ಮೀನಿನ ಮಾತು. ಮೊಗವೀರರಲ್ಲವೇ, ಬಾರದೆ ಹೋದೀತೇ.
"ಹಿಡಿದದ್ದನ್ನು ದಡದಲ್ಲಿ ರಾಶಿ ಹಾಕಿ ತಲೆ ಎಣಿಸುತ್ತಾರೆ.
ಮುದುಕಿಗೆ, ಮೇಷ್ಟ್ರಿಗೆ, ತೊಟ್ಟಿಲ ಕೂಸಿಗೂ ಪಾಲು."
ದೋಣಿಯ ಧನಿಗೆ?
"ಅವನಿಗೂ ಇರುವುದು ಒಂದೇ ತಲೆಯಲ್ಲವೇ ಮಾರಾಯ್ರೆ!"
ಇದನ್ನೇ ಮನೆಯಲ್ಲಿ ಹೇಳಿದರೆ,
ಭಾವೂಚಾ ಧಕ್ಕೆಯಲ್ಲಿ ಹರಾಜು ಕೂಗಿ ಕೂಗಿ
ದನಿ ಒಡೆದ ಅವರ ಹೆಂಡತಿ ಸುಂದರಿಯಮ್ಮ
ಐಸುಪೆಟ್ಟಿಗೆಯ ಮೇಲೆ ಕೂತು ಒಂದೇ ಕೇಳಿದರಂತೆ:
"ತಕ್ಕಡಿ ಮಾರುವವ ಏನು ತಿನ್ನುತ್ತಾನೆ ಅಲ್ಲಿ?"

ಹೊರಟು ನಿಂತು, ಬಾಗಿಲ ಬಳಿ, ಇನ್ನೊಂದು:
ಅಲ್ಲಿಯ ಮುದುಕನೊಬ್ಬ ಹೇಳಿದ್ದು,
ಅವನ ಅಜ್ಜನ ಅಪ್ಪನ ಕಾಲದ್ದು.
ಸಾವಿರದೆಂಟುನೂರ ಅರವತ್ತಮೂರು.
ಪೆರುವಿನ ಕಡೆಯ ಹಡಗುಗಳು ಬಂದು
ಗಟ್ಟಿಮುಟ್ಟಾದ ಗಂಡಸರನ್ನು ತುಂಬಿಕೊಂಡು ಹೋದವು.
ತಲೆ ಎಣಿಸಿಯೇ.
ಅದೇ ವರುಷ ಈ ಊರು ಹತ್ತಿಯ ಹಣದಲ್ಲಿ ಮೀಯುತ್ತ
ಸಮುದ್ರಕ್ಕೆ ಕಲ್ಲುಮಣ್ಣು ಸುರಿಯುವ ಲೆಕ್ಕ ಹಾಕುತ್ತಿತ್ತು.
ಏಳು ನಡುಗಡ್ಡೆಗಳ ಊರು.
ನನ್ನ ಕುರ್ಚಿಯ ಕೆಳಗೂ ಒಮ್ಮೆ ಅಲೆಯಿತ್ತು.

ಅಂದು ಆ ನಕ್ಷೆ ಬಿಚ್ಚಿ ಹೊತ್ತು ಮುಳುಗುವವರೆಗೆ ನೋಡಿದೆ.
ಆಳ ಬರೆದಿದೆ. ತಳ ಮರಳೋ ಹವಳವೋ ಬರೆದಿದೆ.
ತಿರುಗಿ ಬಾರದವರಿಗೆ ಚಿಹ್ನೆಯಿಲ್ಲ.
ನಿಬ್ಬು ಅದ್ದಿದೆ. ಒರೆಸಿ ಇಟ್ಟೆ.
ಪಟ್ಟಿಯಲ್ಲಿಲ್ಲದ್ದನ್ನು ಬರೆದರೆ ಕೆಲಸ ಹೋಗುತ್ತದೆ.

ಮುಂದೊಂದು ಡಿಸೆಂಬರಿನಲ್ಲಿ ದಿನದ ಗೆರೆಯೇ ಆಚೆ ಸರಿಯಿತು:
ಆ ಮೂರು ಉಂಗುರದ ಜನ
ಗುರುವಾರ ಮಲಗಿ ಶನಿವಾರ ಎದ್ದರು.
ನಡುವಿನ ಶುಕ್ರವಾರ ಎಲ್ಲಿ ಹೋಯಿತೆಂದು
ದೂಮಪ್ಪನವರನ್ನು ಕೇಳಬೇಕೆಂದಿದ್ದೆ.
ಆ ಮಳೆಗಾಲವೇ ಅವರು ತೀರಿಕೊಂಡಿದ್ದರು.

ಈಗ ಹಡಗುಗಳಿಗೆ ಪರದೆ, ತಾನೇ ತಿದ್ದಿಕೊಳ್ಳುತ್ತದೆ.
ಕೇಕಿ ಸೇಠರ ಅಳಿಯ ನಿನ್ನೆ ಸಾಗರಗಳನ್ನೆಲ್ಲ
ರದ್ದಿಯವನಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟ.
ಒಂದನ್ನು ಬೇಡಿ ತಂದೆ. ತೂಗಿಯೇ ಕೊಟ್ಟ;
ಹನ್ನೊಂದು ರೂಪಾಯಿ.

ಆರೂ ಐವತ್ತೆರಡರ ಡೊಂಬಿವಿಲಿ ಲೋಕಲ್ಲು.
ಸುರುಳಿಯನ್ನು ಎದೆಗೊತ್ತಿಕೊಂಡು ನಿಂತಿದ್ದೆ, ಮಗುವಿನ ಹಾಗೆ.
ಮೂವರ ಸೀಟಿನ ಮೂವರೂ ಮುಖ ಎತ್ತದೆ
ಒಂದಿಷ್ಟಿಷ್ಟು ಸರಿದರು.
ನಾಲ್ಕನೆಯವನಾಗಿ ಅರ್ಧ ತೊಡೆ ಊರಿದೆ.